ಓಮ್ನಿಯಲ್ಲಿ ಮೂರು ತಿಂಗಳು ಕಳೆಯಲು ಏನೆಲ್ಲ ಬೇಕು?

ಪ್ರಶ್ನೆ:
ನಿವೃತ್ತನಾಗಿ ವರ್ಷವಾಯಿತು. 2012ರ ಓಮ್ನಿ ಇದೆ. ಅದರಲ್ಲೇ ಮಲಗುತ್ತಾ ಮಲೆನಾಡು, ಕರಾವಳಿ ಸುತ್ತುವ ಆಸೆ. ಗ್ಯಾರೇಜಿನವರು ಮಂಚ, ಸಿಂಕ್, ಸೋಲಾರ್ ಎಂದು ಒಂದೂವರೆ ಲಕ್ಷದ ಪಟ್ಟಿ ಕೊಟ್ಟಿದ್ದಾರೆ. ಪಟ್ಟಿ ನೋಡಿದ ನನ್ನ ಹೆಂಡತಿ, "ಮನೆಯ ಸಿಂಕ್ ಸೋರುತ್ತಿದೆ, ಮೊದಲು ಅದನ್ನು ನೋಡಿ" ಎಂದಳು. ಇಷ್ಟೆಲ್ಲ ಬೇಕೇ?

ಉತ್ತರ 1:
ಬೇಡ ಸರ್. ನಾನು ಇಂಥದೇ ಗಾಡಿಯಲ್ಲಿ ಎರಡು ಮಳೆಗಾಲ ಕಳೆದಿದ್ದೇನೆ. ಹಿಂದಿನ ಸೀಟು ಮಡಚಿ ಪ್ಲೈವುಡ್ ಹಲಗೆ, ಅದರ ಮೇಲೆ ಹತ್ತಿಯ ಹಾಸಿಗೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಒಂದು ಚೊಂಬು, ಟಾರ್ಚು. ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಬಹಳ ಓಡಿಸಿದ ದಿನ ತಲೆಯನ್ನು ಹಿಂಬಾಗಿಲಿನ ಕಡೆ ಇಟ್ಟು ಮಲಗಿ. ಆಗುಂಬೆಯಲ್ಲಿ ಮಳೆಗೆ ಹೆದರಿ ಗಾಜು ಪೂರ್ತಿ ಮುಚ್ಚಿದ್ದೆ. ಬೆಳಗ್ಗೆ ನನ್ನ ಉಸಿರೇ ಚಾವಣಿಯಿಂದ ತೊಟ್ಟಿಕ್ಕುತ್ತಿತ್ತು! ಎರಡೂ ಬದಿ ಎರಡು ಬೆರಳಿನಷ್ಟು ತೆರೆದು ಸೊಳ್ಳೆ ಬಲೆ ಕಟ್ಟಿ. ಸಿಂಕ್ ಯಾಕೆ? ಊರೂರಿಗೂ ದೇವಸ್ಥಾನದ ನಲ್ಲಿ ಇದೆ.

ಉತ್ತರ 2:
ಸೀಟು ಕಿತ್ತು ಮಂಚ ಕೂರಿಸುವ ಮೊದಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡಿ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಬಿಡಿ ಹಲಗೆಯಾದರೆ ತಂಟೆಯಿಲ್ಲ. ಒಲೆಯನ್ನು ಮಾತ್ರ ಗಾಡಿಯೊಳಗೆ ಹಚ್ಚಬೇಡಿ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪ್ರಶ್ನೆ ಕೇಳಿದವರು:
ಹಲಗೆ ತಂದೆ. ಮನೆಯ ಸಿಂಕ್ ಕೂಡ ರಿಪೇರಿಯಾಯಿತು. ಈಗ ಅವಳೂ ಬರುತ್ತಾಳಂತೆ; ಹಲಗೆ ಅಗಲ ಸಾಲದು.