ಗುಡ್ಡ ಕುಸಿದ ಮೇಲೆ ಅಮ್ಮ ಮಳೆ ಬಂದರೆ ಮಲಗುವುದಿಲ್ಲ, ಯಾರ ಹತ್ತಿರ ಕರ್ಕೊಂಡು ಹೋಗಲಿ?

ಕಾಫಿತೋಟ: ನಮ್ಮ ಮನೆ ಮಡಿಕೇರಿ ತಾಲೂಕಿನಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ಕೊಟ್ಟಿಗೆ, ಅರ್ಧ ತೋಟ ಹೋಯಿತು. ಅಮ್ಮ ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ಮೂರನೇ ಮಹಡಿ, ಸುತ್ತ ಗುಡ್ಡ ಅನ್ನೋದೇ ಇಲ್ಲ. ಆದರೂ ಜೋರು ಮಳೆ ಬಂದರೆ ಆಧಾರ್ ಕಾರ್ಡು, ಪಾಸ್‌ಬುಕ್ಕು, ಟಾರ್ಚು ಹಾಕಿದ ಚೀಲ ಮಡಿಲಲ್ಲಿ ಇಟ್ಟುಕೊಂಡು ಬೆಳಗಿನವರೆಗೂ ಬಾಗಿಲ ಪಕ್ಕ ಕೂತಿರುತ್ತಾರೆ.

ಒಬ್ಬ ಕೌನ್ಸೆಲರ್ ಹತ್ತಿರ ಹೋದೆವು. ಅರ್ಧ ಇಂಗ್ಲಿಷು, ಅರ್ಧ ಪುಸ್ತಕದ ಕನ್ನಡ. ಅಮ್ಮನದು ಅರೆಭಾಷೆ, ನಮ್ಮ ಕಡೆಯ ಆಡುಮಾತು. ಮೊದಲ ದಿನವೇ 'ಆ ರಾತ್ರಿ ಏನಾಯಿತು, ಶುರುವಿನಿಂದ ಹೇಳಿ' ಅಂದರು. ಅಮ್ಮ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಹಿರಿಯರಿಗೆ ಎಡೆ ಇಡುತ್ತಿದ್ದ ಜಾಗ ಮಣ್ಣಾಯಿತು ಅಂತ ಅತ್ತಾಗ 'ಜೀವ ಉಳಿಯಿತಲ್ಲ, ಅದನ್ನು ನೋಡಿ' ಅಂದರಂತೆ. ಈಗ ಅಮ್ಮ ಎಲ್ಲಿಗೂ ಬರಲ್ಲ ಅಂತಿದ್ದಾರೆ. ಥೆರಪಿ ಅಂದರೆ ಹೀಗೇನಾ?

ತುಂಗೆದಡ: ಅಲ್ಲ. ನಾನು ಇದೇ ಕೆಲಸ ಮಾಡುವವಳು, ಓದುವಾಗ ಹೊಟ್ಟೆ ಉರಿಯಿತು. ಆಘಾತ ಆದವರಿಂದ ಮೊದಲ ದಿನವೇ ಕತೆ ಹೊರಡಿಸಬಾರದು. ಮೊದಲು ನಿದ್ದೆ, ಊಟ, 'ಈಗ ನಾನಿರುವ ಜಾಗ ಗಟ್ಟಿ' ಅನ್ನುವ ಧೈರ್ಯ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಮ್ಮನ ಕೈಯಲ್ಲೇ ಇರಬೇಕು.

ಇನ್ನೊಂದು, ನಮ್ಮ ಕಡೆಯವರು 'ನನಗೆ ಆತಂಕ' ಅನ್ನುವುದಿಲ್ಲ. ಎದೆ ಧಗ್ ಅನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ ಅಂತಾರೆ. ಇಸಿಜಿ ಮಾಡಿಸಿ, ತಪ್ಪಿಲ್ಲ, ಆದರೆ ಅದು ಸರಿಯಿದೆ ಅಂತ ಬಂದ ಕೂಡಲೇ 'ಏನೂ ಇಲ್ಲ ಬಿಡಿ' ಅಂದುಬಿಟ್ಟರೆ ಅವರು ಮುಂದೆ ಬಾಯಿ ಬಿಡುವುದಿಲ್ಲ. ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ಬಳಸುವ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ ಇದಕ್ಕಾಗಿಯೇ 16 ಪ್ರಶ್ನೆಗಳಿವೆ: ಈ ತೊಂದರೆಯನ್ನು ಮನೆಯವರಿಗೆ ಯಾವ ಮಾತಲ್ಲಿ ಹೇಳುತ್ತೀರಿ, ಯಾಕೆ ಬಂತು ಅಂದುಕೊಂಡಿದ್ದೀರಿ, ಇಲ್ಲಿಯವರೆಗೆ ಏನು ಮಾಡಿ ನೋಡಿದಿರಿ, ಹೀಗೆ. ಎಡೆಯ ವಿಷಯ ನನ್ನ ಮುಂದೆ ಬಂದಿದ್ದರೆ 'ಈಗ ಎಲ್ಲಿ ಇಡುತ್ತೀರಿ ಅಮ್ಮಾ?' ಅಂತ ಕೇಳುತ್ತಿದ್ದೆ.

ಆ ಚೀಲ ಮಾತ್ರ ದಯವಿಟ್ಟು ಕಿತ್ಕೊಳ್ಳಬೇಡಿ.

ಗುಡಿಹಿಂದೆ: ಇದೆಲ್ಲ ದುಡ್ಡಿದ್ದವರ ಕಾಯಿಲೆ. ಊರ ದೇವರಿಗೆ ಹರಕೆ ಕಟ್ಟಿಕೊಳ್ಳಿ, ಸರಿಹೋಗುತ್ತದೆ.

ತುಂಗೆದಡ: ಹರಕೆ ಬೇಡ ಅಂದವರು ಯಾರು ಸ್ವಾಮಿ? ಅದೂ ಇರಲಿ, ಇದೂ ಇರಲಿ. ದುಡ್ಡಿನ ಮಾತಿಗೆ ಬಂದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ-ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲಿ, ಕಾಸಿಲ್ಲ. ಮಳೆ ಬರುವ ಹೊತ್ತಿಗೇ ಮಾಡಬಹುದು. ನಿಮ್ಹಾನ್ಸ್ ಇದೆ, ಕ್ಯೂ ಉದ್ದ, ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ.

ನೀಲಿಅಂಗಿ: ನನ್ನದು ಬೇರೆ ಕತೆ, ಆದರೆ ಪೆಟ್ಟು ಒಂದೇ ಥರದ್ದು. ಹಾಸ್ಟೆಲಲ್ಲಿ ನನ್ನ ತಟ್ಟೆ ಬೇರೆ ಇಡುತ್ತಿದ್ದರು, ಅದನ್ನು ಹೇಳಿದ್ದಕ್ಕೆ ನನ್ನ ಮೊದಲ ಥೆರಪಿಸ್ಟ್ 'ಈಗೆಲ್ಲಿದೆ ಜಾತಿ, ನೀವೇ ಜಾಸ್ತಿ ಯೋಚನೆ ಮಾಡ್ತೀರಿ' ಅಂದರು. ಆರು ತಿಂಗಳು ನನ್ನದೇ ತಪ್ಪು ಅಂದುಕೊಂಡಿದ್ದೆ. ಎರಡನೆಯವರನ್ನು ಮೊದಲೇ ಫೋನಲ್ಲಿ ಕೇಳಿದೆ, 'ಜಾತಿ ವಿಷಯ ಮಾತಾಡುತ್ತೇನೆ, ನಿಮಗೆ ಕೇಳೋಕೆ ಆಗತ್ತಾ?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗೆ ಅದು ಸ್ವಂತ ಅನುಭವ ಅಲ್ಲ, ತಪ್ಪಿದರೆ ಹೇಳಿ' ಅಂದರು. ಅವರ ಹತ್ತಿರವೇ ಎರಡು ವರ್ಷ ಹೋದೆ. ನೀವೂ ಫೋನಲ್ಲೇ ಕೇಳಿ ನೋಡಿ, ಅಮ್ಮನನ್ನು ಕರ್ಕೊಂಡು ಹೋಗೋದು ಆಮೇಲೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತಲೂ ಕೇಳಿ, ನಾಚಿಕೆ ಬೇಡ.

ಕಾಫಿತೋಟ: ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಕಡೆ ಫೋನ್ ಮಾಡಿದೆ. ಸುಳ್ಯ ಕಡೆಯವರೊಬ್ಬರು ಸಿಕ್ಕಿದ್ದಾರೆ, ಅರೆಭಾಷೆ ಬರುತ್ತದೆ. ಮೊದಲ ದಿನ ಸುಮ್ನೆ ಊರು, ತೋಟದ ಮಾತು ಸಾಕು ಅಂದರು. ಅಮ್ಮ 'ನೋಡೋಣ' ಅಂದಿದ್ದಾರೆ, ಅದೇ ದೊಡ್ಡದು.

ನಿನ್ನೆ ರಾತ್ರಿ ಮಳೆ ಬಂತು. 'ಮಲಗಮ್ಮಾ' ಅನ್ನದೆ ನಾನೂ ಬಾಗಿಲ ಹತ್ತಿರ ಕೂತೆ. ಚೀಲದಲ್ಲಿ ಏನೇನಿದೆ ಅಂತ ಕೇಳಿದ್ದಕ್ಕೆ ಒಂದೊಂದಾಗಿ ತೆಗೆದು ತೋರಿಸಿದರು. ನನ್ನ ಬಿಪಿ ಮಾತ್ರೆಯೂ ಇತ್ತು, ಒಂದು ಹಾಳೆ ಪೂರ್ತಿ.