ಸಹಾಯ ಬೇಕು: ಬೆಳಗಿನ ಜಾವದಿಂದ ಕೂತರೂ ಒಂದು ಮೀನೂ ಸಿಗಲಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಗ್ಗೆ 5 ಗಂಟೆಗೆ ಗಾಳ ಹಿಡಿದು ನದಿ ದಂಡೆಗೆ ಹೋಗಿದ್ದೆ. 9 ಗಂಟೆವರೆಗೂ ಕೂತೆ. ಒಂದು ಮೀನೂ ಸಿಗಲಿಲ್ಲ. ಹೀಗಾಗಿದ್ದು ಇದು ಮೂರನೇ ಸಲ, ತುಂಬಾ ಬೇಜಾರಾಗಿದೆ.

ಹಿಂದಿನ ರಾತ್ರಿ ಮಳೆ ಬಂದಿತ್ತು. ನೀರು ಏರಿ ಕೆಂಪಗೆ ರಾಡಿಯಾಗಿತ್ತು. ಎರೆಹುಳು ಚುಚ್ಚಿ, ನೀರಿನ ಮೇಲೆ ತೇಲುವ ಬೆಂಡಿನಿಂದ ಕೆಳಗೆ ಸುಮಾರು 3 ಅಡಿ ದಾರ ಬಿಟ್ಟಿದ್ದೆ. ಆರೂವರೆ ಹೊತ್ತಿಗೆ ಬೆಂಡು ಎರಡು ಸಲ ಸಣ್ಣಗೆ ಅಲ್ಲಾಡಿತು. ಮುಳುಗಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ನಿಂತಿತು. ತಕ್ಷಣ ಎಳೆದೆ. ಕೊಕ್ಕೆಯಲ್ಲಿ ಹುಳು ಹಾಗೇ ಇತ್ತು, ತುದಿ ಮಾತ್ರ ಚೀಪಿದ ಹಾಗೆ ಬೆಳ್ಳಗಾಗಿತ್ತು. ಅಂದ್ರೆ ಮೀನು ಇದೆ, ಅಲ್ವಾ? ನಾನು ಅವಸರಪಟ್ಟೆನೋ, ಕೊಕ್ಕೆ ದೊಡ್ಡದಾಯಿತೋ ಗೊತ್ತಾಗುತ್ತಿಲ್ಲ.

ರಾಡಿ ನೀರಿನಲ್ಲಿ ಮೀನಿಗೆ ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ, ಹೆಚ್ಚಾಗಿ ವಾಸನೆ ಹಿಡಿದು ಬರಬೇಕು. ಸೆಳವು ಜೋರಾದಾಗ ದಂಡೆ ಪಕ್ಕದ ನಿಧಾನ ನೀರಿಗೆ ಸರಿಯುತ್ತದೆ. ಇದು ಗೊತ್ತಿದ್ದೂ ನಡು ಹೊಳೆಗೇ ಗಾಳ ಎಸೆಯುತ್ತಿದ್ದೆ. ಅದೇ ದೊಡ್ಡ ತಪ್ಪು ಅನ್ನಿಸುತ್ತಿದೆ.

ಅನುಭವ ಇರುವವರು ದಯವಿಟ್ಟು ಹೇಳಿ. ನೀರು ಏರಿದ ದಿನ ಗಾಳ ತಳಕ್ಕೇ ಇಳಿಸಬೇಕಾ? ದಾರ ಮುಳುಗಲು ಕಟ್ಟುವ ಸೀಸದ ಗುಂಡು ಜಾಸ್ತಿ ಹಾಕಿದರೆ ಮೀನಿಗೆ ಅನುಮಾನ ಬರುತ್ತಾ? ಬೆಂಡು ಅಲ್ಲಾಡಿದಾಗ ನೀವು ಎಷ್ಟು ಹೊತ್ತು ಕಾಯುತ್ತೀರಿ?

ಬರುವ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವಳ ಗಾಳಕ್ಕೆ ಒಂದಾದರೂ ಬೀಳಬೇಕು ಅಂತ ನನಗೆ ತುಂಬಾ ಆಸೆ. ನೋಡಿ ವಾಪಸ್ ನೀರಿಗೇ ಬಿಡುತ್ತೇವೆ. ಹಾಗಾಗಿ ಬಾಯಿಗೆ ಜಾಸ್ತಿ ಗಾಯ ಮಾಡದ ಕೊಕ್ಕೆ ಯಾವುದು ಅಂತಲೂ ತಿಳಿಸಿ.