ಜ್ವರ ಬಂದವರಿಗೆಲ್ಲ ಮೊದಲು ಸಿಬಿಸಿ ಮಾಡಿಸಿದರೆ ಸಾಕಾ?

ಸುಮಾ_ತುಮಕೂರು: ಮಳೆಗಾಲದಲ್ಲಿ ಜ್ವರ ಅಂತ ಬಂದವರಿಗೆಲ್ಲ ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಬೇಕು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕಡಿಮೆ ಇದ್ದವರಿಗೆ ಮಾತ್ರ ಡೆಂಗಿ ಟೆಸ್ಟ್ ಸಾಕು. ಸಿಬಿಸಿ ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ರಿಪೋರ್ಟ್ ಅವತ್ತೇ ಸಿಗುತ್ತದೆ. ಸುಮ್ನೆ ಎಲ್ಲರಿಗೂ ಎನ್‌ಎಸ್1 (ರಕ್ತದಲ್ಲಿ ಡೆಂಗಿ ವೈರಸ್‌ನ ಪ್ರೋಟೀನ್ ಹುಡುಕುವ ಟೆಸ್ಟ್) ಯಾಕೆ?

ಲ್ಯಾಬ್_ಮಂಜು: ಮೇಡಂ, ಹಾಗೆ ಮಾಡಿದರೆ ಬೇಗ ಬಂದವರೇ ತಪ್ಪಿಹೋಗುತ್ತಾರೆ. ಮೊದಲ ಎರಡು ದಿನ ಡೆಂಗಿಯಲ್ಲೂ ಸಿಬಿಸಿ ಸರಿಯಾಗೇ ಇರಬಹುದು. ಮೊದಲು ಬಿಳಿ ಕಣ ಇಳಿಯುತ್ತದೆ, ಪ್ಲೇಟ್‌ಲೆಟ್ ಬೀಳುವುದು ಆಮೇಲೆ. ಎನ್‌ಎಸ್1 ಹೆಚ್ಚಾಗಿ ಸಿಗುವುದು ಆ ಮೊದಲ ದಿನಗಳಲ್ಲೇ, ಐದು ದಿನ ದಾಟಿದ ಮೇಲೆ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ನೋಡಬೇಕು. ಇನ್ನೊಂದು ವಿಷಯ, ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಟ್ಯೂಬಿನೊಳಗೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಗ ಯಂತ್ರ ಕಡಿಮೆ ಎಣಿಸುತ್ತದೆ. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡದೆ ಆ ಸಂಖ್ಯೆ ನಂಬಬಾರದು.

ಸಾಗರದ_ಹುಡುಗ: ನಮ್ಮ ಕಡೆ ಕಥೆಯೇ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಬೇಸಿಗೆ ಹೊತ್ತಿಗೆ ತರಗೆಲೆ ತರಲು ಕಾಡಿಗೆ ಹೋಗಿ ಉಣ್ಣೆ ಕಚ್ಚಿಸಿಕೊಂಡವರಿಗೆ ಬರೀ ಡೆಂಗಿ ಟೆಸ್ಟ್ ಮಾಡಿ, ನೆಗೆಟಿವ್ ಅಂತ ಮನೆಗೆ ಕಳಿಸಿದರೆ ಏನು ಗತಿ? ಅವರಿಗೆ ಮಂಗನ ಕಾಯಿಲೆಯ ವೈರಸ್ ಹುಡುಕುವ ಆರ್‌ಟಿ-ಪಿಸಿಆರ್ ಟೆಸ್ಟ್ ಬೇಕು.

ಡಾ_ವೀಣಾ: ಮಲೇರಿಯಾ, ಇಲಿಜ್ವರದಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ, ಅವೆರಡಕ್ಕೂ ಔಷಧಿ ಇದೆ. ಸಿಬಿಸಿ ನೋಡಿ 'ಇದು ವೈರಲ್' ಅಂದುಬಿಟ್ಟರೆ ಆ ಔಷಧಿ ತಡವಾಗುತ್ತದೆ. ನನಗೆ ಭಯ ಇರುವುದು ಅದಕ್ಕೇ.

ಸುಮಾ_ತುಮಕೂರು: ಒಪ್ಪುತ್ತೇನೆ ಡಾಕ್ಟ್ರೇ, ಆದರೆ ಎನ್‌ಎಸ್1, ಐಜಿಎಂ ನೋಡುವ ಎಲೈಸಾ ವಿಧಾನದ ಲ್ಯಾಬ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ರಿಪೋರ್ಟ್ ಬರುವ ತನಕ ಹಳ್ಳಿಯ ಕೂಲಿಯವರು ಯಾವ ಧೈರ್ಯದ ಮೇಲೆ ಇರಬೇಕು? ದುಡ್ಡಿನ ಮಾತೂ ಇದೆ. 2024ರಲ್ಲಿ ಸರ್ಕಾರ ಎನ್‌ಎಸ್1, ಐಜಿಎಂ ಎಲೈಸಾಗಳಿಗೆ ತಲಾ 300 ರೂಪಾಯಿ ಅಂತ ಮಿತಿ ಹಾಕಿತು. ಮನೆಯಲ್ಲಿ ನಾಲ್ಕು ಜನ ಮಲಗಿದರೆ ಆ 300 ಕೂಡ ಜಾಸ್ತಿಯೇ, ಅಲ್ವಾ?

ಡಾ_ವೀಣಾ: ಅದು ನಿಜವಾದ ಕಷ್ಟ, ಸುಮಾ ಅವರೇ. ಅದಕ್ಕೇ ಸಿಬಿಸಿ ಬೇಡ ಅನ್ನುತ್ತಿಲ್ಲ. ಯಾರಿಗೆ ಟೆಸ್ಟ್ ಬೇಡ ಅಂತ ತೀರ್ಮಾನಿಸಲು ಅದನ್ನು ಬಳಸಬೇಡಿ, ರೋಗಿ ಎತ್ತ ಹೋಗುತ್ತಿದ್ದಾರೆ ಅಂತ ನೋಡಲು ಬಳಸಿ. ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ಆಗ ಜನ ವಾಸಿಯಾಯ್ತು ಅಂದುಕೊಂಡು ಕೆಲಸಕ್ಕೆ ಹೋಗುತ್ತಾರೆ. ಸಿಬಿಸಿಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಾ ಪ್ಲೇಟ್‌ಲೆಟ್ ಬೀಳುತ್ತಿದ್ದರೆ ರಕ್ತನಾಳದಿಂದ ನೀರಿನಂಶ ಸೋರುತ್ತಿದೆ ಅಂತ ಅರ್ಥ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಬನ್ನಿ.

ಕಿರಣ್_ಹಾಸನ: ಜನ ನೋಡುವುದು ಪ್ಲೇಟ್‌ಲೆಟ್ ಒಂದನ್ನೇ. ಎಂಬತ್ತು ಸಾವಿರ ಅಂದ ಕೂಡಲೇ ಪ್ಲೇಟ್‌ಲೆಟ್ ಕೊಡುವವರು ಬೇಕು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕುತ್ತಾರೆ.

ಡಾ_ವೀಣಾ: ರಕ್ತಸ್ರಾವ ಇಲ್ಲದಿದ್ದರೆ ಎಂಬತ್ತು ಸಾವಿರಕ್ಕೆ ಪ್ಲೇಟ್‌ಲೆಟ್ ಏರಿಸುವುದಿಲ್ಲ. ಅಷ್ಟಕ್ಕೆ ಓಡಾಡಬೇಡಿ.

ಲ್ಯಾಬ್_ಮಂಜು: ರಕ್ತ ತೆಗೆಯುವಾಗ ಒಂದೇ ಚುಚ್ಚಿಗೆ ಎರಡು ಟ್ಯೂಬ್ ತುಂಬಿಸಬಹುದು, ಒಂದು ಸಿಬಿಸಿಗೆ, ಇನ್ನೊಂದು ಜಿಲ್ಲಾ ಲ್ಯಾಬಿಗೆ. ಫಾರ್ಮಿನಲ್ಲಿ ಇವತ್ತು ಜ್ವರದ ಎಷ್ಟನೇ ದಿನ ಅಂತ ತಪ್ಪದೆ ಬರೆಸಿ. ಅದಿಲ್ಲದಿದ್ದರೆ ಎನ್‌ಎಸ್1 ಮಾಡಬೇಕಾ ಐಜಿಎಂ ಮಾಡಬೇಕಾ ಅಂತ ನಮಗೆ ಗೊತ್ತಾಗುವುದಿಲ್ಲ.